ಊರೊಳಗೆ ಫ್ಲೈಓವರ್ ಕಟ್ಟಿದರೆ ಹೊಸಕೋಟೆ ಕಡೆಯ ಟ್ರಾಫಿಕ್ ಕಡಿಮೆ ಆಗುತ್ತಾ?

ಹೊಸಕೋಟೆ ಹೈದ: ದಿನಾ ಹೊಸಕೋಟೆಯಿಂದ ವೈಟ್‌ಫೀಲ್ಡ್‌ಗೆ ಬೈಕಲ್ಲಿ ಹೋಗುತ್ತೇನೆ. ಮೊನ್ನೆ ಕಾಡುಗೋಡಿ ದಾಟಲು 40 ನಿಮಿಷ ಹಿಡಿಯಿತು, ಮುಂದೆ ನೀರಿನ ಟ್ಯಾಂಕರ್, ಹಿಂದೆ ಹಾರ್ನ್ ಹೊಡೆಯುವ ಸ್ಕೂಲ್ ವ್ಯಾನ್. ರಸ್ತೆ ಪಕ್ಕದಲ್ಲಿ ಹೋದ ವರ್ಷ ರಾಗಿ ಹೊಲ ಇತ್ತು, ಈಗ ಲೇಔಟ್ ಬೋರ್ಡು. ಇಷ್ಟು ಜನ ಯಾವ ರಸ್ತೆಯಲ್ಲಿ ಓಡಾಡಬೇಕು ಅಂತ ಯಾರಾದರೂ ಮೊದಲೇ ಲೆಕ್ಕ ಹಾಕುತ್ತಾರಾ?

ನಕ್ಷೆ ಹುಚ್ಚ: ಲೆಕ್ಕ ಹಾಕಬೇಕು ಅಂತಲೇ 1985ರ ಕಾಯ್ದೆಯಲ್ಲಿ ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಮಾಡಿದ್ದು. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಎಲ್ಲಾ ಸೇರಿ ಸುಮಾರು 8,000 ಚದರ ಕಿ.ಮೀ. ಅದರ ವ್ಯಾಪ್ತಿ. ಆದರೆ ಬೆಂಗಳೂರಿನ ನಕ್ಷೆ ಬಹಳ ವರ್ಷ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕೈಲಿತ್ತು, ಹೊಸಕೋಟೆಗೆ ಬೇರೆ ಯೋಜನಾ ಪ್ರಾಧಿಕಾರ, ಬಸ್ಸು ಒಬ್ಬರದು, ಮೆಟ್ರೋ ಇನ್ನೊಬ್ಬರದು. ಇವನ್ನೆಲ್ಲ ಒಂದೇ ಮೇಜಿಗೆ ತರಲು 2022ರಲ್ಲಿ ಬಿಎಂಎಲ್‌ಟಿಎ (ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ) ಕಾಯ್ದೆಯೂ ಬಂತು. ನಿಮ್ಮ ಟ್ಯಾಂಕರ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಷ್ಟೇ 🙂

ಲಾರಿ ಮಾಲೀಕ: ಯಾಕೆ, ಊರಾಚೆ ಸುತ್ತುವ ಎಸ್‌ಟಿಆರ್‌ಆರ್ (ಸ್ಯಾಟಲೈಟ್ ಟೌನ್ ರಿಂಗ್ ರೋಡ್) ಇದೆಯಲ್ಲ? ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆವರೆಗೆ ರಸ್ತೆ ತೆರೆದಿದೆ. ನಮ್ಮ ಗಾಡಿಗಳು ಈಗ ಊರೊಳಗೆ ನುಗ್ಗುವುದೇ ಇಲ್ಲ.

ನಕ್ಷೆ ಹುಚ್ಚ: ಲಾರಿಗೆ ಒಳ್ಳೇದೇ ಸರ್, ಜಗಳ ಇಲ್ಲ. ಇವರ ಪ್ರಯಾಣ ಸುತ್ತಲ್ಲ, ನೇರ ಒಳಕ್ಕೆ. ಅದಕ್ಕೆ ಬೇಕಿರುವುದು ಫ್ಲೈಓವರೂ ಅಲ್ಲ, ರಿಂಗ್ ರೋಡೂ ಅಲ್ಲ, ಹತ್ತು ನಿಮಿಷಕ್ಕೊಂದು ಬಸ್ಸು. 2023ರಿಂದ ಮೆಟ್ರೋ ಕಾಡುಗೋಡಿವರೆಗೆ ಬಂದಿದೆ, ಅಲ್ಲಿಗೆ ಮುಟ್ಟುವುದೇ ಕಷ್ಟ. ಹೊಸಕೋಟೆಯಲ್ಲೇ ನಾಲ್ಕು ಆಫೀಸು ಬಂದರೆ ಇನ್ನೂ ಒಳ್ಳೇದು, ಮನೆಗೆ ಮಾತ್ರ ಅನುಮತಿ ಕೊಟ್ಟು ಕೆಲಸ ಎಲ್ಲಾ ವೈಟ್‌ಫೀಲ್ಡಲ್ಲೇ ಇಟ್ಟರೆ ಜನ ಹಾರಿ ಹೋಗಬೇಕಾ?

ರೈಲು ಪಾಸ್: ನಾನು ತುಮಕೂರಿನವಳು, ಸೀಸನ್ ಪಾಸಲ್ಲಿ ಯಶವಂತಪುರಕ್ಕೆ ಹೋಗಿ ಬರುತ್ತೇನೆ. ನೂಕುನುಗ್ಗಲು ಜಾಸ್ತಿನೇ, ಆದರೂ ನೆಲಮಂಗಲದ ಜಾಮಿಗೆ ಸಿಕ್ಕಿಕೊಳ್ಳಲ್ಲ. ಸೀಟು ಸಿಕ್ಕಿದ ದಿನ ಹುರುಳಿಕಾಯಿ ಮುರಿದು ಮುಗಿಸಿರುತ್ತೇನೆ. ಉಪನಗರ ರೈಲಿಗೆ 2022ರಲ್ಲೇ ಶಂಕುಸ್ಥಾಪನೆ ಆಯ್ತು, 148 ಕಿ.ಮೀ. ಅದು ಬೇಗ ಮುಗಿಯಲಿ, ಆಮೇಲೆ ಸುರಂಗ ರಸ್ತೆನೋ ಏನೋ ಕೊರೆಯಲಿ.

ಹೊಸಕೋಟೆ ಹೈದ: ಥ್ಯಾಂಕ್ಸ್. ನಾಳೆ ಬೈಕ್ ಬಿಟ್ಟು ಬಸ್ಸಲ್ಲಿ ಕಾಡುಗೋಡಿ ಮೆಟ್ರೋವರೆಗೆ ಹೋಗಿ ನೋಡುತ್ತೇನೆ. ಆದರೆ ಬಸ್ಸೂ ಅದೇ ಟ್ಯಾಂಕರ್ ಹಿಂದೆ ತಾನೇ ನಿಲ್ಲುವುದು, ಅಲ್ವಾ?