ಪದಚರ್ಚೆ: ‘ಅಡ್ಹಿಯರೆನ್ಸ್’ಗೆ ಪದ ಬೇಕು, ನಾಡಿದ್ದರೊಳಗೆ

ಕರಡು ತಿದ್ದುವವಳು:

ನಮಸ್ಕಾರ. ನರ್ಸಿಂಗ್ ವಿದ್ಯಾರ್ಥಿಗಳ ಸಂಶೋಧನಾ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಡಿದ್ದು ಪುಟ ಕಟ್ಟುವವರ ಕೈಗೆ ಕೊಡಬೇಕು. ಆರು ಅಧ್ಯಾಯ ಸಲೀಸಾಗಿ ಹೋದವು, ಏಳನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ. ಅದು ಪೂರ್ತಿ ಆಫ್ರಿಕಾದ ಅಧ್ಯಯನಗಳದು: ತನ್ನ ಕಾಯಿಲೆಯ ಬಗ್ಗೆ ರೋಗಿಗೆ ಏನು ಗೊತ್ತಿದೆ, ಅದರ ಕುರಿತು ಅವರ ‘ಆಟಿಟ್ಯೂಡ್’ (ಇದಕ್ಕೂ ಒಂದು ಪದ ಹೇಳಿ) ಎಂಥದು, ಕೊಟ್ಟ ಚಿಕಿತ್ಸೆಗೆ ‘ಅಡ್ಹಿಯರೆನ್ಸ್’ ಎಷ್ಟು, ಅಂದರೆ ಅದನ್ನು ತಪ್ಪದೆ ನಡೆಸುತ್ತಾರೆಯೇ. ಈ ಕೊನೆಯ ಪದ ಒಂದೇ ಅಧ್ಯಾಯದಲ್ಲಿ ಅರವತ್ತೊಂದು ಸಲ ಬರುತ್ತದೆ.

ಮೊದಲು ‘ಅನುಸರಣೆ’ ಎಂದು ಹಾಕಿದೆ. ಆದರೆ ಮರುಭೇಟಿಗೂ ಅದನ್ನೇ ಬಳಸುವ ರೂಢಿಯಿದೆ. ‘ಅನುಸರಣೆಗೆ ಬಾರದವರಲ್ಲಿ ಅನುಸರಣೆ ಕಡಿಮೆ’ ಎಂಬ ವಾಕ್ಯ ನನ್ನ ಕೈಯಿಂದಲೇ ಹೊರಬಿದ್ದಾಗ ಲೇಖನಿ ಕೆಳಗಿಟ್ಟೆ.

ಇನ್ನೊಂದು ತೊಡಕು. ಹಿಂದೆ ‘ಕಂಪ್ಲಾಯನ್ಸ್’ ಎನ್ನುತ್ತಿದ್ದರು, ಅಂದರೆ ವೈದ್ಯರು ಹೇಳಿದ್ದನ್ನು ರೋಗಿ ನಡೆಸುವುದು. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ‘ಅಡ್ಹಿಯರೆನ್ಸ್’ ಪದವನ್ನು ಬೇಕೆಂದೇ ಆರಿಸಿಕೊಂಡು, ರೋಗಿಯೂ ಒಪ್ಪಿದ ಸಲಹೆಯಂತೆ ನಡೆಯುವುದು ಎಂದು ಅರ್ಥ ಕೊಟ್ಟಿತು. ಒಪ್ಪಿಗೆ ಇದೆಯೋ ಇಲ್ಲವೋ, ವ್ಯತ್ಯಾಸ ಅಷ್ಟೇ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪದ ಬೇಕು. ಜೊತೆಗೆ ಕೇಪ್ ಟೌನ್ ಪಕ್ಕದ ಖಾಯೆಲಿಟ್ಷಾದಲ್ಲಿ 2007ರಲ್ಲಿ ಶುರುವಾದ ‘ಅಡ್ಹಿಯರೆನ್ಸ್ ಕ್ಲಬ್’ಗೂ ಒಂದು ಹೆಸರು. ಎಚ್‌ಐವಿ ಔಷಧದಿಂದ ಆರೋಗ್ಯ ಸ್ಥಿರವಾಗಿರುವ ಮೂವತ್ತು ಮಂದಿಯಷ್ಟು ಆಗ ಅಲ್ಲಿ ಎರಡು ತಿಂಗಳಿಗೊಮ್ಮೆ ಸೇರುತ್ತಿದ್ದರು. ತೂಕ ನೋಡಿ, ನಾಲ್ಕು ಮಾತಾಡಿ, ಮೊದಲೇ ಕಟ್ಟಿಟ್ಟ ಮಾತ್ರೆಯ ಪೊಟ್ಟಣ ಕೊಟ್ಟು ಕಳುಹಿಸುತ್ತಿದ್ದರು. ದಿನವಿಡೀ ಸಾಲಿನಲ್ಲಿ ನಿಲ್ಲುವ ಪಾಡಿರಲಿಲ್ಲ.

ನಿಘಂಟುಪ್ರಿಯ:

ಅನುಪಾಲನೆ. ಇದರಲ್ಲಿ ಚರ್ಚೆಗೆ ಏನಿದೆ?

ಕಚೇರಿ ಕನ್ನಡ:

ಬಹಳಷ್ಟಿದೆ. ‘ಅನುಪಾಲನಾ ವರದಿ’ ಎಂಬುದನ್ನು ಇಪ್ಪತ್ತೆಂಟು ವರ್ಷ ಬರೆದು ನಿವೃತ್ತನಾದವನು ನಾನು. ಲೆಕ್ಕಪರಿಶೋಧಕರು ಆಕ್ಷೇಪ ಎತ್ತುತ್ತಾರೆ, ಮೇಲಿನವರು ಗಡುವು ಕೊಡುತ್ತಾರೆ, ನಾವು ‘ಅನುಪಾಲಿಸಲಾಗಿದೆ’ ಎಂದು ಬರೆದು ಸಹಿ ಹಾಕುತ್ತೇವೆ. ನಿಜವಾಗಿ ಪಾಲಿಸಿದ್ದೇವೆಯೇ ಎಂಬುದು ಬೇರೆ ಮಾತು. ಅದು ಕಂಪ್ಲಾಯನ್ಸ್. ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ರೋಗಿ ತಾಲ್ಲೂಕು ಕಚೇರಿ ಅಲ್ಲ.

ಅಚ್ಚಗನ್ನಡಿಗ:

ಎರಡೂ ಪದ ‘ಅನು’ವಿನಿಂದಲೇ ಶುರು. ಆ ಊರುಗೋಲು ಇಲ್ಲದೆ ನಿಮಗೆ ನಡೆಯಲು ಬರುವುದಿಲ್ಲವೆ? ಮೂಲ ಪದ ಲ್ಯಾಟಿನ್ನಿನದು, ‘ಅಂಟಿಕೊಳ್ಳು’ ಎಂದೇ ಅದರ ಹುರುಳು. ನಮ್ಮಲ್ಲಿ ‘ಅಂಟು’ ಇದೆ, ‘ಇಕೆ’ ಇದೆ. ಅಂಟಿಕೆ. ಮದ್ದಂಟಿಕೆ. ಕ್ಲಬ್ಬಿಗೆ ‘ಅಂಟಿಕೆಕೂಟ’. ಹಳ್ಳಿಯವರಿಗೂ ತಿಳಿಯುತ್ತದೆ.

ವಾರ್ಡಿನವಳು:

ತಿಳಿಯುತ್ತದೆ, ಅದೇ ತೊಂದರೆ. ‘ಅಂಟು’ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಅಂಟುಜಾಡ್ಯ. ಎಚ್‌ಐವಿ ಮತ್ತು ಕ್ಷಯ ಇರುವವರ ಗುಂಪಿಗೆ ‘ಅಂಟಿಕೆಕೂಟ’ ಎಂದು ಫಲಕ ಹಾಕಿ ನೋಡಿ, ಆ ಬೀದಿಗೆ ಯಾರೂ ಕಾಲಿಡುವುದಿಲ್ಲ. ಇನ್ನು ‘ಮದ್ದು’. ‘ಅವಳಿಗೆ ಯಾರೋ ಮದ್ದು ಹಾಕಿದ್ದಾರೆ’ ಎಂದರೆ ಮಾತ್ರೆ ಕೊಟ್ಟರು ಎಂದಲ್ಲ. ಮದ್ದು ತೆಗೆಸಲು ಊರೂರು ಅಲೆದು ಕಡೆಗೆ ವಾರ್ಡಿಗೆ ಬಂದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ನಿಮ್ಮ ಕೈಪಿಡಿಯಲ್ಲಿ ‘ಡಿಫಾಲ್ಟರ್’ ಬಂದರೆ ದಯವಿಟ್ಟು ಎಚ್ಚರ. ನಮ್ಮ ತರಬೇತಿಯ ಒಂದು ಹಾಳೆಯಲ್ಲಿ ಯಾರೋ ಪುಣ್ಯಾತ್ಮರು ಅದನ್ನು ‘ಸುಸ್ತಿದಾರ’ ಎಂದು ಅನುವಾದಿಸಿದ್ದರು. ಕ್ಷಯದ ಔಷಧವನ್ನು ನಡುವೆ ಬಿಟ್ಟವನು ಸಹಕಾರಿ ಬ್ಯಾಂಕಿನ ಸಾಲಗಾರನಾಗಿಬಿಟ್ಟಿದ್ದ. ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಆ ಪದವನ್ನು ಕೈಬಿಟ್ಟು ‘ಸಂಪರ್ಕ ತಪ್ಪಿದವರು’ ಎಂಬರ್ಥದ ಮಾತಿಗೆ ಬದಲಾಯಿಸಿತು. ‘ಶಂಕಿತ’ ರೋಗಿ ಎನ್ನುವುದನ್ನೂ ಆಗಲೇ ತೆಗೆದರು, ಪೊಲೀಸ್ ಠಾಣೆಯ ವಾಸನೆ ಇತ್ತೆಂದು.

ಬೇರು ಹುಡುಕುವವ:

‘ಸುಸ್ತಿ’ ಪಾರಸಿಯದು. ಸಡಿಲಿಕೆ, ಸೋಮಾರಿತನ ಎಂದರ್ಥ. ನಮ್ಮ ‘ಸುಸ್ತು’ ಅದರ ಅಣ್ಣ. ಕ್ಷಯರೋಗಿಗೆ ಮೊದಲೇ ಸುಸ್ತು, ಮೇಲೆ ಸುಸ್ತಿದಾರನೆಂಬ ಪಟ್ಟ!

ಆದರೆ ನೀವೆಲ್ಲ ಅಂಗಳದಲ್ಲೇ ಇರುವ ಪದವನ್ನು ಬಿಟ್ಟು ಕಾಡಿಗೆ ಹೊರಟಿದ್ದೀರಿ. ಪದ ‘ಪಥ್ಯ’. ಪಥದಿಂದ ಹುಟ್ಟಿದ್ದು, ದಾರಿಗೆ ಹೊಂದುವಂಥದ್ದು, ಆದ್ದರಿಂದ ಹಿತವಾದದ್ದು. ಪಥ್ಯ ಹಿಡಿಯುತ್ತೇವೆ, ಪಥ್ಯದಲ್ಲಿ ಇರುತ್ತೇವೆ, ಪಥ್ಯ ಮುರಿಯುತ್ತೇವೆ. ಬೇಕಾದ ಕ್ರಿಯಾಪದಗಳೆಲ್ಲ ಸಿದ್ಧವಾಗಿವೆ. ಹಿಡಿಯುವವನು ರೋಗಿಯೇ ಹೊರತು ವೈದ್ಯನಲ್ಲ, ಆದ್ದರಿಂದ ನೀವು ಕೇಳುವ ಒಪ್ಪಿಗೆಯೂ ಪದದೊಳಗೇ ಇದೆ. ‘ಔಷಧಪಥ್ಯ’ ಎಂದು ಬರೆಯಿರಿ. ಇದನ್ನು ಈ ಪಟ್ಟಿಯಲ್ಲಿ ಮೂರನೆಯ ಸಲ ಹೇಳುತ್ತಿದ್ದೇನೆ.

ವಾರ್ಡಿನವಳು:

‘ಪಥ್ಯ ಸರಿಯಾಗಿ ಮಾಡುತ್ತಿದ್ದೀರಾ?’ ಎಂದು ಕೇಳಿ ನೋಡಿ. ‘ಬದನೆಕಾಯಿ ಬಿಟ್ಟಿದ್ದೇನೆ’ ಎನ್ನುತ್ತಾರೆ. ಮಾತ್ರೆ ಡಬ್ಬಿಯಲ್ಲೇ ಇರುತ್ತದೆ. ಪಥ್ಯ ಊಟದ್ದು, ಗುಳಿಗೆಯದಲ್ಲ. ನಿಮ್ಮ ಪದದಿಂದ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ನೂರು ಮಂದಿ ಪಾಸಾಗುತ್ತಾರೆ.

ದಾರ್ ಎಸ್ ಸಲಾಮ್‌ನಿಂದ ಮರಳಿದವ:

ಆಫ್ರಿಕಾದ ಅಧ್ಯಾಯಕ್ಕೆ ಪದ ಹುಡುಕುವಾಗ ಆಫ್ರಿಕಾದವರು ಏನನ್ನುತ್ತಾರೆಂದು ಯಾರೂ ಕೇಳಲಿಲ್ಲ. ತಾಂಜಾನಿಯಾದಲ್ಲಿ ಒಂಬತ್ತು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ, ಆಸ್ಪತ್ರೆಯ ಗೋಡೆಬರಹಗಳನ್ನು ಓದುವಷ್ಟು ಸ್ವಾಹಿಲಿ ಬರುತ್ತದೆ. ಅವರು ‘ಉಫುವಾಸಿ ವಾ ದಾವಾ’ ಎನ್ನುತ್ತಾರೆ. ‘ಫುವಾಟಾ’ ಎಂದರೆ ಹಿಂದೆ ಹೋಗು, ಹಿಂಬಾಲಿಸು. ಅದರಿಂದ ‘ಮ್ಫುವಾಸಿ’, ಶಿಷ್ಯ ಅಥವಾ ಅನುಯಾಯಿ. ಅದರ ಭಾವನಾಮ ‘ಉಫುವಾಸಿ’. ‘ದಾವಾ’ ಔಷಧ. ನಮ್ಮ ದವಾಖಾನೆಯ ದವಾ ಅದೇ. ಇಬ್ಬರಿಗೂ ಅರಬ್ಬಿಯಿಂದ ಬಂದದ್ದು, ಅವರಿಗೆ ಕಡಲ ದಾರಿಯಲ್ಲಿ, ನಮಗೆ ಪಾರಸಿಯ ಕೈ ದಾಟಿ. ರಕ್ತದೊತ್ತಡಕ್ಕೆ ಅವರು ‘ಪ್ರೆಶಾ’ ಎನ್ನುತ್ತಾರೆ, ನಾವು ‘ಬಿಪಿ’ ಎನ್ನುವಂತೆ. ಮಧುಮೇಹಕ್ಕೆ ‘ಕಿಸುಕಾರಿ’, ಸುಕಾರಿ ಎಂದರೆ ಸಕ್ಕರೆ.

ಅಚ್ಚಗನ್ನಡಿಗ:

ಅಂದರೆ ಅವರದೂ ಎರವಲಿನ ಸಂತೆ. ಇನ್ನೊಬ್ಬರ ಮನೆ ಸೋರುತ್ತದೆಂದು ನಮ್ಮ ಹೆಂಚನ್ನೂ ತೆಗೆಯಬೇಕೆ?

ಬೇರು ಹುಡುಕುವವ:

ಯಾವ ಹೆಂಚು ಸ್ವಾಮೀ? ಸಂಸ್ಕೃತದ ಶರ್ಕರಾ ಪ್ರಾಕೃತದಲ್ಲಿ ಸಕ್ಕರಾ ಆಗಿ ನಿಮ್ಮ ಬಾಯಿಗೆ ಸಕ್ಕರೆಯಾಗಿ ಬಿತ್ತು. ಅದೇ ಶರ್ಕರಾ ಪಾರಸಿ, ಅರಬ್ಬಿ ಸುತ್ತಿ ಅವರ ಬಾಯಿಗೆ ಸುಕಾರಿ ಆಯಿತು. ಇದಕ್ಕಿಂತ ಅಚ್ಚಗನ್ನಡದ ಸಕ್ಕರೆ ನಿಮ್ಮಲ್ಲಿ ಇದ್ದರೆ ಕಾಫಿಗೆ ಹಾಕಿ ತೋರಿಸಿ.

ಅಚ್ಚಗನ್ನಡಿಗ:

ಬೆಲ್ಲ.

ದಾರ್ ಎಸ್ ಸಲಾಮ್‌ನಿಂದ ಮರಳಿದವ:

ಜಗಳದ ನಡುವೆ ಅಚ್ಚಗನ್ನಡಿಗರಿಗೆ ಒಂದು ಅಂಕ ಕೊಡಬೇಕು, ಅವರೇ ಅದನ್ನು ಕೇಳದೆ ಬಿಟ್ಟರು. ಸ್ವಾಹಿಲಿಯವರು ವಸ್ತುವಿಗೆ, ರೋಗಕ್ಕೆ ಹೊರಗಿನ ಪದ ತಂದರು, ನಿಜ. ಆದರೆ ‘ಅಡ್ಹಿಯರೆನ್ಸ್’ ಎಂಬ ನಡತೆಗೆ ತಮ್ಮದೇ ಧಾತುವಿನಿಂದ ಪದ ಕಟ್ಟಿಕೊಂಡರು. ನಾವು ಮಾಡುತ್ತಿರುವುದು ತಿರುಗುಮುರುಗು. ಹಾಗೆಂದು ‘ಹಿಂಬಾಲಿಕೆ’ ಎನ್ನಲಾಗದು. ನಮ್ಮಲ್ಲಿ ಹಿಂಬಾಲಕನಿಗೆ ಮರ್ಯಾದೆಯಿಲ್ಲ, ರಾಜಕಾರಣಿಯ ಕಾರಿನ ಹಿಂದೆ ಓಡುವವನು ಅವನು.

ಇನ್ನೊಂದು ವಿಷಯ ಕೈಪಿಡಿಗೆ ಉಪಯೋಗವಾಗಬಹುದು. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ ಶುರುವಾಗುತ್ತದೆ. ‘ಸಾ ಮ್ಬಿಲಿ’ ಎಂದರೆ ಎರಡನೆಯ ಗಂಟೆ, ನಮ್ಮ ಗಡಿಯಾರದಲ್ಲಿ ಎಂಟು. ಮಾತ್ರೆಯ ಚೀಟಿಯಲ್ಲಿ ‘ಎರಡು ಗಂಟೆಗೆ’ ಎಂದು ಬರೆದ ಹೊರಗಿನ ವೈದ್ಯನೂ ಅದನ್ನು ಓದಿದ ರೋಗಿಯೂ ಬೇರೆ ಬೇರೆ ಹೊತ್ತಿನಲ್ಲಿ ಇರುತ್ತಾರೆ. ಜಾವದಲ್ಲಿ ಹೊತ್ತು ಎಣಿಸಿದ ನಮಗೆ ಇದು ಹೊಸತೇನಲ್ಲ. 2001ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್, ಆಫ್ರಿಕಾದ ಬಹಳ ಜನರಿಗೆ ಗಡಿಯಾರದ ಹೊತ್ತು ತಿಳಿಯದು, ಎಚ್‌ಐವಿಯ ಔಷಧವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲಾರರು ಎಂಬರ್ಥದ ಮಾತಾಡಿದ್ದರು. ಐದು ವರ್ಷದ ನಂತರ, 2006ರಲ್ಲಿ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಲೆಕ್ಕ ಬಂತು. ಔಷಧವನ್ನು ಸಾಕಷ್ಟು ತಪ್ಪದೆ ತೆಗೆದುಕೊಂಡವರು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಶೇ 77, ಉತ್ತರ ಅಮೆರಿಕದಲ್ಲಿ ಶೇ 55. ಗಡಿಯಾರ ಯಾರ ಗೋಡೆಯ ಮೇಲೆ ಇತ್ತೋ ಅವರೇ ಹಿಂದೆ ಬಿದ್ದರು.

ನಿಘಂಟುಪ್ರಿಯ:

ಇದು ಪದಚರ್ಚೆಯ ಪಟ್ಟಿಯೋ ಪ್ರವಾಸ ಕಥನವೋ? ಅನುಪಾಲನೆ ಎಂದು ಆಗಲೇ ಹೇಳಿದ್ದೇನೆ.

ವಾರ್ಡಿನವಳು:

ಅನುಪಾಲನೆಯವರು ಸ್ವಲ್ಪ ತಾಳಿಕೊಳ್ಳಬೇಕು. ಮೂವತ್ತೊಂದು ವರ್ಷ ದಾದಿಯಾಗಿದ್ದವಳ ಮಾತನ್ನೂ ಓದಿ.

ಈ ಬಗೆಯ ಸಂಶೋಧನೆಗಳ ಪ್ರಶ್ನಾವಳಿ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಾನೂ ತಿರುಗಿದ್ದೇನೆ. 1986ರಿಂದ ಬಳಕೆಯಲ್ಲಿರುವ ನಾಲ್ಕು ಪ್ರಶ್ನೆಗಳ ಒಂದು ಅಳತೆಪಟ್ಟಿ ಇದೆ, ಮೊರಿಸ್ಕಿ ಎಂಬ ಸಂಶೋಧಕರದು. ಆಫ್ರಿಕಾದಲ್ಲೂ ಇಲ್ಲಿಯೂ ಅದು ಸಾಕಷ್ಟು ಓಡಾಡಿದೆ. ಅದರ ಒಂದು ಪ್ರಶ್ನೆ ಔಷಧದ ವಿಷಯದಲ್ಲಿ ನೀವು ‘ಕೇರ್‌ಲೆಸ್’ ಆಗುವುದುಂಟೇ ಎಂದು ಕೇಳುತ್ತದೆ. ನಮಗೆ ಸಿಕ್ಕಿದ ಕನ್ನಡ ಹಾಳೆಯಲ್ಲಿ ‘ಅಸಡ್ಡೆ ಮಾಡುತ್ತೀರಾ?’ ಎಂದಿತ್ತು. ಬಿಳಿ ಬಟ್ಟೆ ತೊಟ್ಟವಳ ಮುಂದೆ ಕುಳಿತು ‘ಹೌದು, ಅಸಡ್ಡೆ ಮಾಡುತ್ತೇನೆ’ ಎನ್ನುವ ಒಬ್ಬ ರೋಗಿಯನ್ನು ತೋರಿಸಿ. ಪದ ತಪ್ಪಿದರೆ ಉತ್ತರ ತಪ್ಪುತ್ತದೆ, ಅಂಕಿಅಂಶ ಅಂದವಾಗಿ ಸುಳ್ಳಾಗುತ್ತದೆ.

‘ಎಷ್ಟು ಸಲ ಔಷಧ ತಪ್ಪಿಸಿದಿರಿ?’ ಎಂದು ಕೇಳಿದರೆ ‘ಇಲ್ಲವೇ ಇಲ್ಲ’ ಎನ್ನುತ್ತಾರೆ. ‘ಎಷ್ಟು ಸಲ ಔಷಧ ತಪ್ಪಿತು?’ ಎಂದು ಕೇಳಿ. ಆಗ ಹೇಳುತ್ತಾರೆ: ಬಸ್ಸು ಇರಲಿಲ್ಲ, ಹಬ್ಬಕ್ಕೆ ತವರಿಗೆ ಹೋಗಿದ್ದೆ, ಅತ್ತೆಯ ಎದುರು ಡಬ್ಬಿ ತೆಗೆಯಲಾಗಲಿಲ್ಲ, ಖಾಲಿ ಹೊಟ್ಟೆಗೆ ನುಂಗಿದರೆ ತಲೆ ಸುತ್ತುತ್ತದೆ. ಒಂದು ‘ಇಸು’ ಪ್ರತ್ಯಯ ಹೋದರೆ ಆರೋಪವೂ ಹೋಗುತ್ತದೆ. ನಿಮ್ಮ ವ್ಯಾಕರಣ ಕೆಲಸಕ್ಕೆ ಬರುವ ಜಾಗ ಇದು. ನೀವೋ ಬೆಲ್ಲ ತಿನ್ನುತ್ತಾ ಕುಳಿತಿದ್ದೀರಿ.

ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಔಷಧ ಬಿಡುತ್ತಾರೆ ಎಂದು ಇಂಥ ಪ್ರಬಂಧಗಳಲ್ಲಿ ಹತ್ತರಲ್ಲಿ ಎಂಟು ಮುಗಿಯುತ್ತವೆ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿಂದ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ನೋಡಿದ್ದು 1963ರಲ್ಲೇ ಅಚ್ಚಾಗಿದೆ. ರೋಗ ಇದ್ದವರಲ್ಲಿ ಹೆಚ್ಚಿನವರಿಗೆ ಲಕ್ಷಣಗಳು ಗೊತ್ತಿದ್ದವು. ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು. ಕೆಮ್ಮಿನ ಔಷಧದ ಸೀಸೆ ಕೊಟ್ಟು ಅವರನ್ನು ವಾಪಸು ಕಳುಹಿಸಲಾಗಿತ್ತು. ಗೊತ್ತಿಲ್ಲದೆ ಇದ್ದವರು ಮೇಜಿನ ಆಚೆ ಬದಿಯವರು. ಖಾಯೆಲಿಟ್ಷಾದವರು ಮಾಡಿದ್ದೂ ರೋಗಿಗೆ ಪಾಠ ಹೇಳಿದ್ದಲ್ಲ, ಸಾಲು ತೆಗೆದದ್ದು. ದಕ್ಷಿಣ ಆಫ್ರಿಕಾದಲ್ಲಿ 2010ರಿಂದ ಎಚ್‌ಐವಿ ಚಿಕಿತ್ಸೆಯನ್ನು ದಾದಿಯರೇ ಶುರು ಮಾಡಬಹುದೆಂದು ಆದಮೇಲೆ ಔಷಧ ಜನರಿಗೆ ಇನ್ನಷ್ಟು ಹತ್ತಿರ ಬಂತು.

ಕ್ಲಬ್ಬಿನ ಹೆಸರಿನಲ್ಲಿ ರೋಗವೂ ಬೇಡ, ಔಷಧವೂ ಬೇಡ. ‘ಜೊತೆಗಾರರ ಬಳಗ’ ಎನ್ನಿ. ದಾರಿಹೋಕರು ಓದಿದರೆ ಚೀಟಿ ವ್ಯವಹಾರ ಎಂದುಕೊಳ್ಳಲಿ.

ಬೇರು ಹುಡುಕುವವ:

ಬೇರಿನ ಮಾತು ಬಂದಾಗ ಸುಮ್ಮನಿರಲಾರೆ, ಕ್ಷಮಿಸಿ. ‘ಶುಶ್ರೂಷೆ’ ಎಂದರೆ ಸೇವೆ ಎಂದು ಎಲ್ಲರೂ ಬಲ್ಲರು. ಮೂಲಾರ್ಥ ಅದಲ್ಲ. ‘ಶ್ರು’ ಧಾತುವಿನ ಇಚ್ಛಾರೂಪ ಅದು, ಕೇಳಬೇಕೆಂಬ ಬಯಕೆ. ಹೇಳಿದ್ದನ್ನು ಕೇಳಲು ಕಾದಿರುವವನು ಶಿಷ್ಯ, ಅದರಿಂದ ಗುರುಸೇವೆ, ಅದರಿಂದ ರೋಗಿಯ ಸೇವೆ. ನಾವು ರೋಗಿಗೆ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಗದರುತ್ತೇವೆ. ಪದದ ಪ್ರಕಾರ ಕೇಳಬೇಕಾದವರು ಶುಶ್ರೂಷಕರು. ವಾರ್ಡಿನವರು ಹೇಳಿದ್ದು ಇದನ್ನೇ, ಧಾತು ಗೊತ್ತಿಲ್ಲದೆ.

ವಾರ್ಡಿನವಳು:

ಧಾತು ಗೊತ್ತಿಲ್ಲದೆಯೇ ಮೂವತ್ತೊಂದು ವರ್ಷ ಮಾಡಿದೆ.

ಕಚೇರಿ ಕನ್ನಡ:

ಹಾಗಾದರೆ ಕಂಪ್ಲಾಯನ್ಸ್‌ಗೆ ‘ವಿಧೇಯತೆ’ ಇರಲಿ. ಅರ್ಜಿಯ ಕೊನೆಗೆ ‘ತಮ್ಮ ವಿಧೇಯ’ ಎಂದು ಬರೆಯುವಾಗ ನಮ್ಮ ಒಪ್ಪಿಗೆಯನ್ನು ಯಾರು ಕೇಳಿದ್ದರು?

ಕರಡು ತಿದ್ದುವವಳು:

ಪುಟಗಳು ಈಗಷ್ಟೇ ಹೋದವು. ಎಲ್ಲರಿಗೂ ಕೃತಜ್ಞತೆ, ಸಿಟ್ಟಾದವರಿಗೂ. ಕಂಪ್ಲಾಯನ್ಸ್ ‘ವಿಧೇಯತೆ’ ಆಯಿತು. ಅಡ್ಹಿಯರೆನ್ಸ್‌ಗೆ ಶೀರ್ಷಿಕೆಯಲ್ಲಿ ‘ಚಿಕಿತ್ಸಾ ಪಾಲನೆ’ ಎಂದು ಹಾಕಿದೆ. ಪೂರ್ತಿ ಮನಸ್ಸಿಲ್ಲ, ಪಶುಪಾಲನೆ ಪಕ್ಕದಲ್ಲೇ ಮೇಯುತ್ತಿದೆ. ಆದರೆ ಒಳಗಿನ ಅರವತ್ತೊಂದರಲ್ಲಿ ನಲವತ್ತಕ್ಕೂ ಹೆಚ್ಚು ಕಡೆ ನಾಮಪದವನ್ನೇ ತೆಗೆದು ‘ತಪ್ಪದೆ ತೆಗೆದುಕೊಳ್ಳು’ ಎಂಬ ಕ್ರಿಯಾಪದಕ್ಕೆ ತಿರುಗಿಸಿದೆ. ವಾಕ್ಯಗಳು ಉಸಿರಾಡಿದವು. ಪ್ರಶ್ನಾವಳಿಯಲ್ಲಿ ಎಲ್ಲ ಕಡೆ ‘ತಪ್ಪಿತು’. ಕ್ಲಬ್ ‘ಜೊತೆಗಾರರ ಬಳಗ’.

ಆಟಿಟ್ಯೂಡ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ‘ಧೋರಣೆ’ ಬರೆದು ಹೊಡೆದುಹಾಕಿದೆ, ಆ ಪದದ ಹಿಂದೆಯೇ ಮಲತಾಯಿ ಬಂದು ನಿಲ್ಲುತ್ತಾಳೆ. ‘ಮನೋಭಾವ’ ಎಂದು ಬಿಟ್ಟಿದ್ದೇನೆ.

ಅಚ್ಚಗನ್ನಡಿಗ:

‘ನಿಲುವು’ ಇತ್ತಲ್ಲ. ಒಂದು ಮಾತು ಕೇಳಬಹುದಿತ್ತು.

ಕರಡು ತಿದ್ದುವವಳು:

ಮೊದಲ ಪತ್ರದಲ್ಲೇ ಕೇಳಿದ್ದೆ.