ಸಹಾಯ ಬೇಕು: ಗಿರಣಿ, ಮಗ್ಗದ ಕೆಲಸ ಗೊತ್ತಿರುವವರು ಬಾಸ್ಟನ್ ಕಡೆ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬಾಸ್ಟನ್ ಹತ್ತಿರದ ಶಾಲೆಯೊಂದರಲ್ಲಿ ಐದನೇ ತರಗತಿಗೆ ಅಮೆರಿಕದ ಇತಿಹಾಸ ಹೇಳಿಕೊಡುತ್ತೇನೆ. ಈ ಸಲ ಪುಸ್ತಕ ಬದಿಗಿಟ್ಟು ಪಕ್ಕದ ಲೋವೆಲ್ ಊರನ್ನೇ ಪಾಠ ಮಾಡಬೇಕು ಅಂತಿದ್ದೇನೆ.

ಮೆರಿಮ್ಯಾಕ್ ನದಿ ದಂಡೆಯ ಬೂಟ್ ಹತ್ತಿ ಗಿರಣಿ, ಕಾಲುವೆಗಳು, ಕೆಲಸದ ಹುಡುಗಿಯರಿದ್ದ ವಸತಿಗೃಹ, ಎಲ್ಲವೂ 1978ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ. ಹಳ್ಳಿ ಹೊಲಮನೆಗಳಿಂದ ಬಂದ ಆ ಹುಡುಗಿಯರು ದಿನಕ್ಕೆ 12 ಗಂಟೆಗೂ ಮೀರಿ ದುಡಿಯುತ್ತಿದ್ದರು. ಕೂಲಿ ಕಡಿತ ಮಾಡಿದಾಗ 1834ರಲ್ಲಿ ಮುಷ್ಕರ ಹೂಡಿದರು. 1845ರಲ್ಲಿ ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಮತ್ತು ಸಂಗಾತಿಗಳು ಹತ್ತು ಗಂಟೆಯ ದುಡಿಮೆ ಸಾಕು ಎಂದು ರಾಜ್ಯದ ಶಾಸನಸಭೆಯ ಮುಂದೆ ಸಾಕ್ಷಿ ನುಡಿದರು. ಶಾಸನಸಭೆ ಒಪ್ಪಲಿಲ್ಲ, ಆ ಮಾತು ಬೇರೆ.

ನನಗೆ ಕಷ್ಟವಾಗಿರುವುದು ಹತ್ತಿಯ ವಿಷಯ. ಅದು ಬರುತ್ತಿದ್ದುದು ದಕ್ಷಿಣದ ತೋಟಗಳಿಂದ, ಗುಲಾಮರ ದುಡಿಮೆಯಿಂದ. ಲೋವೆಲ್‌ನಲ್ಲಿ ನೇಯ್ದ ಒರಟು ಬಟ್ಟೆ ಮರಳಿ ಅದೇ ಗುಲಾಮರ ಮೈಮೇಲೂ ಹೋಗುತ್ತಿತ್ತು. ಹತ್ತು ವರ್ಷದ ಮಕ್ಕಳಿಗೆ ಇದನ್ನು ಮುಚ್ಚಿಡದೆ, ಹೆದರಿಸದೆ ಹೇಳುವುದು ಹೇಗೆ? ಕಲಿಸಿದ ಅನುಭವ ಇರುವ ಮೇಷ್ಟ್ರು, ಟೀಚರ್‌ಗಳು ದಯವಿಟ್ಟು ತಿಳಿಸಿ.

ಇನ್ನೊಂದು ಕೋರಿಕೆ. ದಾವಣಗೆರೆ ಕಡೆಯ ಹತ್ತಿ ಗಿರಣಿಗಳಲ್ಲಿ ಕೆಲಸ ಮಾಡಿದ ಹಿರಿಯರು ಮಕ್ಕಳ ಮನೆಗೆಂದು ಇಲ್ಲಿಗೆ ಬಂದಿದ್ದರೆ, ನಮ್ಮ ಜೊತೆ ಒಂದು ದಿನ ಬರಬಹುದೇ? ಬೂಟ್ ಗಿರಣಿಯಲ್ಲಿ ಮಗ್ಗಗಳನ್ನು ಈಗಲೂ ಓಡಿಸಿ ತೋರಿಸುತ್ತಾರೆ, ಸದ್ದಿಗೆ ಕಿವಿಗೆ ಬಿರಡೆ ಹಾಕಿಕೊಳ್ಳಬೇಕು. ದಾರ ಕಡಿದರೆ ಏನು ಮಾಡುತ್ತಿದ್ದರು ಎಂದು ಕೈಯಾಡಿಸಿದವರೇ ಹೇಳಿದರೆ ಚೆನ್ನ. ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ನಾನು ಅನುವಾದಿಸುತ್ತೇನೆ. ಕರೆದುಕೊಂಡು ಹೋಗಿ ಬಿಡುವುದು, ಊಟ ನನ್ನ ಜವಾಬ್ದಾರಿ. ಇನ್‌ಬಾಕ್ಸ್‌ಗೆ ಬರೆಯಿರಿ.