ಹೈಲಕ್ಸ್‌ಗೆ ಮನೆಯಲ್ಲೇ 2 ಇಂಚು ಲಿಫ್ಟ್ ಹಾಕಬಹುದಾ?

ಮಾದಾಪುರದ ತೋಟದವ: ಮಳೆಗಾಲದಲ್ಲಿ ಕಾಫಿ ತೋಟದ ದಾರಿ ಕೊರಕಲು ಬಿದ್ದು ಗಾಡಿಯ ತಳ ಕಲ್ಲಿಗೆ ತಾಗುತ್ತದೆ. ಹೈಲಕ್ಸ್ ಪಿಕಪ್‌ನ ಬಾಡಿಯನ್ನು ಚಕ್ರಗಳಿಂದ ಮೇಲಕ್ಕೆ ಎತ್ತರಿಸುವ ಲಿಫ್ಟ್ ಕಿಟ್ ಬಂದಿದೆ, ಜ್ಯಾಕ್, ಸ್ಟ್ಯಾಂಡ್, ಸ್ಪ್ಯಾನರ್ ಎಲ್ಲ ಇದೆ. ಶೆಡ್‌ನಲ್ಲೇ ಮಾಡಬಹುದಾ?

ಕುಶಾಲನಗರ ಗ್ಯಾರೇಜ್: ಹಿಂದೆ ಇರುವುದು ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್). ಅದನ್ನು ಆಕ್ಸಲ್‌ಗೆ (ಚಕ್ರದ ಅಚ್ಚಿಗೆ) ಬಿಗಿದಿರುವ ಯು-ಬೋಲ್ಟ್ ಬಿಚ್ಚಿ, ಆಕ್ಸಲ್ ನಿಧಾನ ಇಳಿಸಿ, ನಡುವೆ ಎತ್ತರದ ಬ್ಲಾಕ್ ಕೂರಿಸಬಹುದು, ಬ್ರೇಕ್ ಪೈಪ್ ಎಳೆಯದಂತೆ ನೋಡಿಕೊಳ್ಳಿ ಅಷ್ಟೇ. ಮುಂದಿನ ಕಾಯಿಲ್ ಸ್ಪ್ರಿಂಗ್ ಮಾತ್ರ ಸುಮ್ನೆ ಬಿಚ್ಚಬೇಡಿ ಅಣ್ಣ. ಮೇಲಿನ ನಡು ನಟ್ ಸಡಿಲವಾದರೆ ಒತ್ತಿಕೊಂಡಿರುವ ಸ್ಪ್ರಿಂಗ್ ಚಿಮ್ಮಿ ಜೀವಕ್ಕೇ ಅಪಾಯ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇರುವ ಕಡೆ ಕೊಡಿ, ಆಮೇಲೆ ಚಕ್ರದ ಅಲೈನ್‌ಮೆಂಟ್ ಮಾಡಿಸಲೇಬೇಕು.

ಸೋಮವಾರಪೇಟೆ: ಶೆಡ್‌ನದು ಮಣ್ಣಿನ ನೆಲವಾ? ನೆನೆದ ಮಣ್ಣಲ್ಲಿ ಸ್ಟ್ಯಾಂಡ್ ಹೂತು ಹೋಗುತ್ತದೆ. ಆರ್‌ಟಿಒ ನಿಯಮವನ್ನೂ ಕೇಳಿಕೊಳ್ಳಿ. ಇನ್ನೊಂದು, ತಾಗುವುದು ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ಮೇಲಿರುವ ಗೇರ್ ಉಂಡೆ) ಆದರೆ ಲಿಫ್ಟ್‌ನಿಂದ ಪ್ರಯೋಜನ ಇಲ್ಲ. ಅದು ಆಕ್ಸಲ್ ಜೊತೆಗೇ ಇರುತ್ತದೆ, ಟೈರ್ ದೊಡ್ಡದಾದರೆ ಮಾತ್ರ ಮೇಲೇರುತ್ತದೆ.

ಮಾದಾಪುರದ ತೋಟದವ: ಗೀರು ಇರುವುದು ಡಿಫರೆನ್ಷಿಯಲ್ ಮೇಲೇ! ಹಾಗಾದರೆ ಮೊದಲು ದಾರಿಗೆ ಕಲ್ಲು ಹಾಕಿಸುತ್ತೇನೆ.